ನಾಲ್ಕು ಮೆಟ್ಟಿಲಿಗೆ ಇಪ್ಪತ್ತನಾಲ್ಕು ಅಡಿ: ಪಂಚಾಯಿತಿ ಕಚೇರಿ ಎಲ್ಲರಿಗೂ ಎಟುಕುವುದು ಹೇಗೆ?

ಸರ್ಕಾರಿ ಕಟ್ಟಡಗಳು ವಿಕಲಚೇತನರಿಗೂ ಎಟುಕುವಂತಿರಬೇಕು ಎಂಬ ಮಾತು ನಮ್ಮ ದೇಶದಲ್ಲಿ ಹೊಸದಲ್ಲ. 1995ರ ಕಾಯ್ದೆಯಲ್ಲಿಯೇ ಅದು ಇತ್ತು. ಆದರೆ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ತಮ್ಮ 'ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ' ಅದನ್ನು ಮಾಡಬೇಕು ಎಂಬ ಸಾಲೂ ಜೊತೆಗಿದ್ದುದರಿಂದ, ಮಾಡದೆ ಉಳಿದವರನ್ನು ಕೇಳುವುದು ಕಷ್ಟವಾಗಿತ್ತು. 2016ರಲ್ಲಿ ಬಂದ ಹೊಸ ಕಾಯ್ದೆ, ಅಂದರೆ ವಿಕಲಚೇತನರ ಹಕ್ಕುಗಳ ಕಾಯ್ದೆ, ಆ ಸಾಲನ್ನು ಕೈಬಿಟ್ಟು ಗಡುವು ಮತ್ತು ದಂಡಗಳನ್ನು ತಂದಿತು. ಅದರ ಅಡಿಯಲ್ಲಿ ರೂಪಿಸಿದ ನಿಯಮಗಳಲ್ಲಿ ಉಳಿದಿದ್ದ ಒಂದು ಸಡಿಲು ಗಂಟನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು, ರಾಜೀವ್ ರಾತೂರಿ ಪ್ರಕರಣದ ತೀರ್ಪಿನಲ್ಲಿ ಎತ್ತಿ ತೋರಿಸಿತು. ಸುಗಮ್ಯತೆಯ ಕನಿಷ್ಠ ಮಟ್ಟವು ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯ ನಿಯಮವಾಗಬೇಕು ಎಂಬುದು ಆ ತೀರ್ಪಿನ ತಿರುಳು.

ಈ ತೀರ್ಪನ್ನು ವಿಮಾನ ನಿಲ್ದಾಣಕ್ಕೋ ದೆಹಲಿಯ ಸಚಿವಾಲಯಗಳಿಗೋ ಸಂಬಂಧಿಸಿದ್ದೆಂದು ಓದುವುದು ಸುಲಭ. ಆದರೆ ಪಿಂಚಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮನೆ ಕಂದಾಯ, ಇ-ಸ್ವತ್ತು, ಪಡಿತರ ಇವುಗಳಿಗಾಗಿ ಜನ ಎಡತಾಕುವುದು ಗ್ರಾಮ ಪಂಚಾಯಿತಿ, ನಾಡಕಚೇರಿ, ತಾಲ್ಲೂಕು ಕಚೇರಿ, ಪುರಸಭೆಗಳ ಬಾಗಿಲಿಗೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳೇ ಸುಮಾರು ಆರು ಸಾವಿರ ಇವೆ. ಕಾಯ್ದೆಯೂ 'ಸ್ಥಳೀಯ ಪ್ರಾಧಿಕಾರ' ಎಂದು ಇವುಗಳನ್ನು ಪ್ರತ್ಯೇಕವಾಗಿ ಹೆಸರಿಸಿ ಹೊಣೆ ಹೊರಿಸಿದೆ.

ಯಾರಿಗಾಗಿ ಇದು?

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು. ಕರ್ನಾಟಕದಲ್ಲಿ ಈ ಸಂಖ್ಯೆ 13.24 ಲಕ್ಷ. ಆ ಗಣತಿ ನಡೆದಾಗ ಹಳೆಯ ಕಾಯ್ದೆಯೇ ಜಾರಿಯಲ್ಲಿತ್ತು, ಅದು ಗುರುತಿಸಿದ್ದು 7 ಬಗೆಯ ವೈಕಲ್ಯಗಳನ್ನು ಮಾತ್ರ. 2016ರ ಕಾಯ್ದೆಯಲ್ಲಿ ಅವು 21 ಆಗಿವೆ. ದೃಷ್ಟಿ, ಶ್ರವಣ ಮತ್ತು ಚಲನೆಗೆ ಸಂಬಂಧಿಸಿದವುಗಳ ಜೊತೆಗೆ ಕುಷ್ಠರೋಗದಿಂದ ಗುಣಮುಖರಾದವರು, ಆಸಿಡ್ ದಾಳಿಗೆ ಒಳಗಾದವರು, ಆಟಿಸಂ, ಕಲಿಕೆಯ ತೊಡಕು, ಪಾರ್ಕಿನ್‌ಸನ್, ಹಿಮೋಫೀಲಿಯಾ ಮುಂತಾದವೂ ಪಟ್ಟಿಯಲ್ಲಿವೆ.

ಈ ಪಟ್ಟಿಯನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಬಾಗಿಲ ಮುಂದೆ ಒಂದು ಇಳಿಜಾರು ಕಟ್ಟಿ 'ನಮ್ಮ ಕಚೇರಿ ವಿಕಲಚೇತನ ಸ್ನೇಹಿ' ಎಂದು ಫಲಕ ಹಾಕುವುದು ಇವರಲ್ಲಿ ಒಂದು ಗುಂಪಿಗೆ ಮಾತ್ರ, ಅದೂ ಅರ್ಧ ದಾರಿಯವರೆಗೆ ಮಾತ್ರ, ನೆರವಾಗುತ್ತದೆ. ಕಿವಿ ಕೇಳದವರಿಗೆ ಇಳಿಜಾರಿನಿಂದ ಏನೂ ಆಗಬೇಕಿಲ್ಲ. ತಮ್ಮ ಸರದಿ ಬಂದಿದೆ ಎಂದು ಕೂಗಿದ್ದು ಅವರಿಗೆ ಗೊತ್ತಾಗಬೇಕು. ಬೌದ್ಧಿಕ ತೊಡಕಿರುವವರಿಗೆ ಬೇಕಿರುವುದು ಸರಳವಾದ ಅರ್ಜಿ ಮತ್ತು ಅವಸರಪಡಿಸದ ಸಿಬ್ಬಂದಿ.

ಸುಗಮ್ಯತೆ ಎಂದರೇನು?

ಒಬ್ಬ ವ್ಯಕ್ತಿ ಮನೆಯಿಂದ ಹೊರಟು, ಕಚೇರಿ ತಲುಪಿ, ಒಳಗೆ ಹೋಗಿ, ಯಾರನ್ನು ಕಾಣಬೇಕೆಂದು ತಿಳಿದು, ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು ಮರಳುವವರೆಗಿನ ಇಡೀ ದಾರಿಯನ್ನು ಆದಷ್ಟೂ ಇನ್ನೊಬ್ಬರ ಹಂಗಿಲ್ಲದೆ, ಗೌರವದಿಂದ ಕ್ರಮಿಸಲು ಸಾಧ್ಯವಾಗುವ ಸ್ಥಿತಿಯೇ ಸುಗಮ್ಯತೆ. ನಾಲೆಯ ಕೊನೆ ಭಾಗದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಣೆಕಟ್ಟೆ ತುಂಬಿದ್ದರೂ, ಮುಖ್ಯ ನಾಲೆ ಗಟ್ಟಿಯಿದ್ದರೂ, ನಡುವೆ ಒಂದು ಕಡೆ ಏರಿ ಒಡೆದರೆ ಅವನ ಗದ್ದೆಗೆ ನೀರಿಲ್ಲ. ಹಾಗೆಯೇ ಬಸ್ ನಿಲ್ದಾಣದಿಂದ ಕಚೇರಿಯ ಗೇಟಿನವರೆಗೆ ಜಲ್ಲಿಕಲ್ಲು ಹರಡಿದ್ದರೆ ಒಳಗಿನ ಒಳ್ಳೆಯ ಶೌಚಾಲಯ ಗಾಲಿಕುರ್ಚಿಯಲ್ಲಿ ಬರುವವರ ಪಾಲಿಗೆ ಇದ್ದೂ ಇಲ್ಲದಂತೆ.

ಇದರ ಜೊತೆಗೆ ಕಾಯ್ದೆಯಲ್ಲಿ ಇನ್ನೊಂದು ಪರಿಕಲ್ಪನೆಯಿದೆ. ಅದನ್ನು 'ಯುಕ್ತ ಹೊಂದಾಣಿಕೆ' ಎನ್ನಬಹುದು. ಸುಗಮ್ಯತೆ ಎಲ್ಲರಿಗಾಗಿ ಮುಂಚಿತವಾಗಿ ಮಾಡಿಡುವ ವ್ಯವಸ್ಥೆಯಾದರೆ, ಯುಕ್ತ ಹೊಂದಾಣಿಕೆ ಎಂಬುದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ, ಸಂಸ್ಥೆಯ ಮೇಲೆ ಮಿತಿಮೀರಿದ ಹೊರೆ ಬೀಳದಂತೆ ಮಾಡುವ ಮಾರ್ಪಾಟು. ಕಚೇರಿ ಮೊದಲ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದಿದ್ದರೆ, ಅಧಿಕಾರಿಯೇ ಕೆಳಗಿಳಿದು ಬಂದು ಅರ್ಜಿ ಪಡೆಯುವುದು ಇದಕ್ಕೆ ಉದಾಹರಣೆ. ಅನೇಕ ಕಡೆ ಸಿಬ್ಬಂದಿ ಸೌಜನ್ಯದಿಂದ ಹೀಗೆ ಮಾಡುತ್ತಾರೆ. ಕಾಯ್ದೆಯ ದೃಷ್ಟಿಯಲ್ಲಿ ಅದು ಸೌಜನ್ಯವಲ್ಲ, ಕರ್ತವ್ಯ. ಯುಕ್ತ ಹೊಂದಾಣಿಕೆಯನ್ನು ನಿರಾಕರಿಸುವುದನ್ನು ಅದು ತಾರತಮ್ಯವೆಂದೇ ಪರಿಗಣಿಸುತ್ತದೆ. ಹಾಗೆಂದು ಅಧಿಕಾರಿ ಕೆಳಗೆ ಬರುತ್ತಾರೆಂಬ ಕಾರಣಕ್ಕೆ ಲಿಫ್ಟ್ ಅಥವಾ ನೆಲಮಹಡಿಯ ಕೌಂಟರ್ ಬೇಡವೆಂದಾಗುವುದಿಲ್ಲ. ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಇಳಿಜಾರಿನ ಲೆಕ್ಕ

ನಮ್ಮ ಹಳ್ಳಿ, ಪಟ್ಟಣಗಳ ಸರ್ಕಾರಿ ಕಟ್ಟಡಗಳಲ್ಲಿ ಅತಿ ಹೆಚ್ಚು ಕಾಣಸಿಗುವ ಸೌಲಭ್ಯ ರ‍್ಯಾಂಪ್. ಅತಿ ಹೆಚ್ಚು ತಪ್ಪಾಗಿ ಕಟ್ಟಲಾಗುವುದೂ ಅದೇ. ಆದ್ದರಿಂದ ಅದರ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರಲ್ಲಿ ಹೊರಡಿಸಿದ ಸಾರ್ವತ್ರಿಕ ಸುಗಮ್ಯತೆಯ ಮಾರ್ಗಸೂಚಿಗಳಲ್ಲಿ ರ‍್ಯಾಂಪಿನ ಮೂಲ ಅಳತೆ 1:12. ಅಂದರೆ ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಪಂಚಾಯಿತಿ ಕಚೇರಿಯ ಜಗಲಿ ನೆಲದಿಂದ ನಾಲ್ಕು ಮೆಟ್ಟಿಲು ಎತ್ತರದಲ್ಲಿದೆ, ಒಂದೊಂದು ಮೆಟ್ಟಿಲು ಆರು ಇಂಚು ಎಂದುಕೊಳ್ಳೋಣ. ಒಟ್ಟು ಎತ್ತರ ಎರಡು ಅಡಿ. ಹಾಗಾಗಿ ರ‍್ಯಾಂಪಿನ ಉದ್ದ ಇಪ್ಪತ್ತನಾಲ್ಕು ಅಡಿ. ಇದು ಓಟದ ಉದ್ದ ಮಾತ್ರ. ಕೆಳಗೆ ಆರಂಭವಾಗುವಲ್ಲಿ ಮತ್ತು ಮೇಲೆ ಬಾಗಿಲ ಮುಂದೆ ಗಾಲಿಕುರ್ಚಿ ನಿಂತು ತಿರುಗಲು ಸಮತಟ್ಟಾದ ಜಾಗ ಪ್ರತ್ಯೇಕವಾಗಿ ಬೇಕು. ಎತ್ತರ ಹೆಚ್ಚಿದ್ದರೆ ನಡುವೆಯೂ ದಣಿವಾರಿಸಿಕೊಳ್ಳುವ ಸಮತಟ್ಟುಗಳು ಬೇಕಾಗುತ್ತವೆ.

ಇಷ್ಟು ಉದ್ದ ಏಕೆ ಎಂಬ ಪ್ರಶ್ನೆ ಸಹಜ. ಗಾಲಿಕುರ್ಚಿಯನ್ನು ತನ್ನ ಕೈಗಳಿಂದಲೇ ತಳ್ಳಿಕೊಂಡು ಮೇಲೇರುವವರು ತಮ್ಮ ಮತ್ತು ಕುರ್ಚಿಯ ಭಾರವೆರಡನ್ನೂ ಭುಜಬಲದಿಂದ ಎಳೆಯುತ್ತಾರೆ. ಇಳಿಜಾರು ಕಡಿದಾದಷ್ಟೂ ಬೇಕಾಗುವ ಬಲ ಹೆಚ್ಚು. ಒಂದು ಹಂತ ದಾಟಿದರೆ ಕುರ್ಚಿಯ ಮುಂದಿನ ಚಕ್ರಗಳು ಮೇಲೆದ್ದು ವ್ಯಕ್ತಿ ಹಿಂದಕ್ಕೆ ಮಗುಚುವ ಅಪಾಯವಿದೆ. ಇಳಿಯುವಾಗ ಅದೇ ಇಳಿಜಾರು ಹಿಡಿತಕ್ಕೆ ಸಿಗದೆ ಓಡಿಸುತ್ತದೆ. ಎರಡು ಅಡಿ ಎತ್ತರಕ್ಕೆ ಆರು ಅಡಿ ಉದ್ದದ ರ‍್ಯಾಂಪ್ ಕಟ್ಟಿದರೆ ಅದು 1:3 ಆಗುತ್ತದೆ. ಅದರಲ್ಲಿ ದ್ವಿಚಕ್ರ ವಾಹನವನ್ನು ಜಗಲಿಗೆ ಹತ್ತಿಸಬಹುದು. ಕಾಗದದಲ್ಲಿ ಕಾಮಗಾರಿ ಮುಗಿದಿರುತ್ತದೆ. ಗಾಲಿಕುರ್ಚಿ ಮಾತ್ರ ಹತ್ತುವುದಿಲ್ಲ.

ಉದ್ದವಲ್ಲದೆ ಗಮನಿಸಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಎರಡೂ ಬದಿಯಲ್ಲಿ ಹಿಡಿಕಂಬಿ ಬೇಕು, ಅದೂ ಎರಡು ಎತ್ತರದಲ್ಲಿ: ಕುಳಿತವರಿಗೆ ಮತ್ತು ಮಕ್ಕಳಿಗೆ ಸುಮಾರು 70 ಸೆಂ.ಮೀ., ನಿಂತು ನಡೆಯುವವರಿಗೆ ಸುಮಾರು 90 ಸೆಂ.ಮೀ. ಮೇಲ್ಮೈ ಮಳೆಯಲ್ಲೂ ಜಾರಬಾರದು. ಅಂದ ಕಾಣಲೆಂದು ನುಣುಪು ಗ್ರಾನೈಟ್ ಹಾಸುವ ರೂಢಿ ಇಲ್ಲಿ ಅಪಾಯಕಾರಿ. ಚಕ್ರ ಅಂಚಿನಿಂದ ಕೆಳಗೆ ಜಾರದಂತೆ ಸಣ್ಣ ಕಟ್ಟೆ ಇರಬೇಕು. ಅಂಗಳ ಚಿಕ್ಕದಾಗಿ ಇಪ್ಪತ್ತನಾಲ್ಕು ಅಡಿ ನೇರವಾಗಿ ಸಿಗದಿದ್ದರೆ, ನಡುವೆ ಸಮತಟ್ಟು ಕೊಟ್ಟು ರ‍್ಯಾಂಪನ್ನು ಮಡಚಿ ತಿರುಗಿಸಬಹುದು.

ಹೊಸ ಕಟ್ಟಡಗಳಲ್ಲಿ ಈ ತಲೆನೋವಿಗೆ ಅಗ್ಗದ ಪರಿಹಾರವಿದೆ. ನೀರು ನುಗ್ಗುವ ಭಯವಿಲ್ಲದ ಜಾಗದಲ್ಲಿ ತಳಪಾಯವನ್ನೇ ತಗ್ಗಿಸಿ, ಅಂಗಳದ ಮಣ್ಣನ್ನು ನಿಧಾನವಾಗಿ ಬಾಗಿಲವರೆಗೆ ಏರಿಸಿದರೆ ಮೆಟ್ಟಿಲೂ ಬೇಡ, ರ‍್ಯಾಂಪೂ ಬೇಡ. ಈ ನಿರ್ಧಾರ ನಕ್ಷೆಯ ಹಂತದಲ್ಲಿ ಆಗಬೇಕು. ಕಟ್ಟಡ ಎದ್ದ ಮೇಲೆ ಇದೇ ಕೆಲಸಕ್ಕೆ ಒಡೆಯುವ ಖರ್ಚು, ಜಾಗದ ಕೊರತೆ, ಮತ್ತೊಂದು ಅಂದಾಜು ಪಟ್ಟಿ ಎಲ್ಲವೂ ಸೇರಿಕೊಳ್ಳುತ್ತವೆ.

ಬಾಗಿಲು ದಾಟಿದ ಮೇಲೆ

ಬಾಗಿಲಿನ ತೆರವು ಕನಿಷ್ಠ 90 ಸೆಂ.ಮೀ. ಇರಬೇಕು. ನಮ್ಮ ಬಾಗಿಲುಗಳ ಹೊಸ್ತಿಲು ಗಾಲಿಕುರ್ಚಿಗೆ ದೊಡ್ಡ ತಡೆ. ಸಾರ್ವಜನಿಕ ಕಟ್ಟಡದಲ್ಲಿ ಅದನ್ನು ನೆಲದ ಮಟ್ಟಕ್ಕೆ ತರಬೇಕು. ಕೌಂಟರಿನ ಒಂದು ಭಾಗವಾದರೂ ಮೇಜಿನ ಎತ್ತರಕ್ಕೆ, ಅಂದರೆ 75ರಿಂದ 80 ಸೆಂ.ಮೀ.ಗೆ ಇಳಿದು, ಕೆಳಗೆ ಮೊಣಕಾಲು ತೂರುವಷ್ಟು ಖಾಲಿ ಇದ್ದರೆ ಕುಳಿತವರೂ ಅರ್ಜಿ ಬರೆಯಬಹುದು, ಸಿಬ್ಬಂದಿಯ ಮುಖ ನೋಡಿ ಮಾತನಾಡಬಹುದು.

ಶೌಚಾಲಯದಲ್ಲಿ ಗಾಲಿಕುರ್ಚಿ ಸುತ್ತು ತಿರುಗಲು ಒಂದೂವರೆ ಮೀಟರ್ ವ್ಯಾಸದ ಖಾಲಿ ಜಾಗ, 45ರಿಂದ 48 ಸೆಂ.ಮೀ. ಎತ್ತರದ ಕಮೋಡ್, ಭಾರ ಬಿಟ್ಟರೂ ಕಿತ್ತುಬಾರದ ಹಿಡಿಕಂಬಿಗಳು ಅಗತ್ಯ. ಬಾಗಿಲು ಹೊರಕ್ಕೆ ತೆರೆಯಬೇಕು ಅಥವಾ ಪಕ್ಕಕ್ಕೆ ಸರಿಯಬೇಕು; ಒಳಕ್ಕೆ ತೆರೆಯುವ ಬಾಗಿಲಾದರೆ, ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾಗಿ ನೆರವಿಗೆ ಬಂದವರು ಹೊರಗೇ ನಿಲ್ಲಬೇಕಾಗುತ್ತದೆ. ಅಳತೆಗಳೆಲ್ಲ ಸರಿಯಿದ್ದೂ, ಬೀಗ ಹಾಕಿ ಹಳೆಯ ಕಡತ ಮತ್ತು ಪೊರಕೆಗಳನ್ನು ಇಡುವ ಕೋಣೆಯಾದ ಶೌಚಾಲಯವನ್ನು ಯಾವ ಮಾರ್ಗಸೂಚಿಯೂ ಸರಿಪಡಿಸಲಾರದು. ಕೀಲಿ ಯಾರ ಬಳಿ ಇರುತ್ತದೆ ಎಂಬುದು ಸಣ್ಣ ಪ್ರಶ್ನೆಯಂತೆ ಕಂಡರೂ ಪರಿಶೀಲನೆಗೆ ಹೋದವರು ಮೊದಲು ಕೇಳಬೇಕಾದದ್ದು ಅದನ್ನೇ.

ದೃಷ್ಟಿಹೀನರಿಗೆ ನೆಲವೇ ದಾರಿ ಹೇಳಬಲ್ಲದು. 'ನಮ್ಮ ಮೆಟ್ರೊ' ನಿಲ್ದಾಣಗಳಲ್ಲಿ ಕಾಣುವ ಹಳದಿ ಪಟ್ಟಿ ಅಲಂಕಾರವಲ್ಲ. ಉದ್ದುದ್ದ ಗೆರೆಗಳಿರುವ ಹೆಂಚು 'ಹೀಗೆ ಮುಂದೆ ಸಾಗು' ಎಂದೂ, ಗುಂಡು ಉಬ್ಬುಗಳಿರುವ ಹೆಂಚು 'ನಿಲ್ಲು, ಮುಂದೆ ಮೆಟ್ಟಿಲೋ ತಿರುವೋ ಇದೆ' ಎಂದೂ ಪಾದ ಮತ್ತು ಬಿಳಿಕೋಲಿಗೆ ಸೂಚಿಸುತ್ತವೆ. ಮೇಸ್ತ್ರಿಗೆ ಈ ವ್ಯತ್ಯಾಸ ತಿಳಿಯದೆ ಎರಡನ್ನೂ ಬೆರೆಸಿ ಹಾಸಿದರೆ ಪಟ್ಟಿ ದಾರಿ ತಪ್ಪಿಸುತ್ತದೆ. ಮಂದ ದೃಷ್ಟಿಯವರಿಗೆ ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣ, ದೊಡ್ಡ ಅಕ್ಷರದ ಫಲಕಗಳು ಸಾಕಷ್ಟು ನೆರವಾಗುತ್ತವೆ. ಇದಕ್ಕೆ ಹೆಚ್ಚಿನ ಹಣವೂ ಬೇಡ.

ಪರದೆಯ ಮೇಲಿನ ಮೆಟ್ಟಿಲುಗಳು

ಈಗ ಬಹಳಷ್ಟು ಸೇವೆಗಳು ಕಚೇರಿಯ ಬಾಗಿಲಿನಿಂದ ಮೊಬೈಲ್ ಪರದೆಗೆ ಸರಿದಿವೆ. ಮನೆಯಿಂದಲೇ ಅರ್ಜಿ ಹಾಕುವಂತಾದರೆ ಚಲನೆಯ ತೊಡಕಿರುವವರಿಗೆ ಅದಕ್ಕಿಂತ ಅನುಕೂಲ ಬೇರೊಂದಿಲ್ಲ. ಆದರೆ ಪರದೆಯಲ್ಲೂ ಮೆಟ್ಟಿಲುಗಳಿರಬಹುದು.

ದೃಷ್ಟಿಹೀನರು ಕಂಪ್ಯೂಟರ್ ಮತ್ತು ಮೊಬೈಲ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ಮೂಲಕ; ಅದು ಪರದೆಯಲ್ಲಿರುವ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಎನ್‌ವಿಡಿಎ ಎಂಬುದು ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದಬಲ್ಲದು. ಆದರೆ ಅದು ಓದುವುದು ಅಕ್ಷರಗಳನ್ನು, ಚಿತ್ರಗಳನ್ನಲ್ಲ. ಸುತ್ತೋಲೆಯನ್ನು ಮುದ್ರಿಸಿ, ಸಹಿ ಮತ್ತು ಮೊಹರು ಹಾಕಿ, ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಜಾಲತಾಣಕ್ಕೆ ಏರಿಸಿದರೆ ಸ್ಕ್ರೀನ್ ರೀಡರ್ ಪಾಲಿಗೆ ಅದು ಒಂದು ಖಾಲಿ ಚಿತ್ರ. ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ. ಯೂನಿಕೋಡ್‌ಗೆ ಮುಂಚಿನ ನುಡಿಯಂಥ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಕಡತ ನೋಡುವವರಿಗೆ ಕನ್ನಡವಾಗಿ ಕಂಡರೂ, ಕಂಪ್ಯೂಟರಿನ ಒಳಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಅರ್ಥವಿಲ್ಲದ ಸರಣಿಯಾಗಿ ಉಳಿದಿರುತ್ತದೆ. ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ. ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿ, ಪಠ್ಯರೂಪದಲ್ಲಿಯೇ ಪ್ರಕಟಿಸುವುದು ಇದಕ್ಕೆ ಪರಿಹಾರ. ಹೊಸ ಯಂತ್ರವನ್ನೇನೂ ಕೊಳ್ಳಬೇಕಿಲ್ಲ.

ಮತ್ತೊಂದು ಮೆಟ್ಟಿಲು ಗುರುತಿನ ದೃಢೀಕರಣ. ಬೆರಳಿಲ್ಲದವರ ಬೆರಳಚ್ಚು, ಕಣ್ಣು ಮಿಟುಕಿಸಲಾಗದವರ ಮುಖಚಿತ್ರ, ಓಡುವ ಸೆಕೆಂಡುಗಳೊಳಗೆ ಒಟಿಪಿ, ಓರೆಕೋರೆ ಅಕ್ಷರಗಳ ಕ್ಯಾಪ್ಚಾ ಇವೆಲ್ಲ ಒಂದೇ ಬಗೆಯ ತಡೆಗಳು. ಆಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿಹೀನರು ಸಲ್ಲಿಸಿದ್ದ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು, ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ತೀರ್ಪು ನೀಡಿ, ಡಿಜಿಟಲ್ ಸೇವೆಗಳಿಗೆ ಪ್ರವೇಶವು ಸಂವಿಧಾನದ 21ನೇ ವಿಧಿಯಡಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಆನ್‌ಲೈನ್ ಗುರುತು ದೃಢೀಕರಣವಾದ ಇ-ಕೆವೈಸಿಯನ್ನು ಎಲ್ಲರೂ ಬಳಸುವಂತೆ ಬದಲಿಸಲು 20 ನಿರ್ದೇಶನಗಳನ್ನೂ ಕೊಟ್ಟಿತು. ಕಣ್ಣು ಮಿಟುಕಿಸುವುದಕ್ಕೆ ಪರ್ಯಾಯ ವಿಧಾನ ಕೊಡಬೇಕೆಂಬುದು ಅವುಗಳಲ್ಲಿ ಒಂದು.

ಕಾನೂನು ಎಲ್ಲಿ ಸಡಿಲವಾಗಿತ್ತು?

ವಿಕಲಚೇತನರ ಹಕ್ಕುಗಳ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ 40ನೇ ಸೆಕ್ಷನ್ ಪ್ರಕಾರ ಸುಗಮ್ಯತೆಯ ಮಾನದಂಡಗಳನ್ನು ಕೇಂದ್ರ ಸರ್ಕಾರ ನಿಯಮಗಳ ಮೂಲಕ ರೂಪಿಸಬೇಕು. 44ನೇ ಸೆಕ್ಷನ್ ಪ್ರಕಾರ ಆ ನಿಯಮಗಳಿಗೆ ಹೊಂದದ ನಕ್ಷೆಗೆ ಅನುಮತಿ ಕೊಡುವಂತಿಲ್ಲ, ಹಾಗೆ ಕಟ್ಟಿದ ಕಟ್ಟಡಕ್ಕೆ ಪೂರ್ಣಗೊಂಡ ಪ್ರಮಾಣಪತ್ರ ನೀಡುವಂತಿಲ್ಲ. 45ನೇ ಸೆಕ್ಷನ್ ಪ್ರಕಾರ ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷದೊಳಗೆ ಸರಿಪಡಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರ, ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣಗಳಂಥ ಅಗತ್ಯ ಸೇವೆಯ ಜಾಗಗಳಿಗೆ ಆದ್ಯತೆ ನೀಡಿ ಸರ್ಕಾರವೂ ಸ್ಥಳೀಯ ಪ್ರಾಧಿಕಾರಗಳೂ ಕ್ರಿಯಾ ಯೋಜನೆಯನ್ನು ಪ್ರಕಟಿಸಬೇಕು. ನಿಯಮಗಳು 2017ರ ಜೂನ್‌ನಲ್ಲಿ ಬಂದವು. ಆ ಲೆಕ್ಕದಲ್ಲಿ ಐದು ವರ್ಷ 2022ಕ್ಕೇ ಮುಗಿದಿದೆ.

ಸಡಿಲಿದ್ದದ್ದು 15ನೇ ನಿಯಮದ ಮೊದಲ ಉಪನಿಯಮದಲ್ಲಿ. ಅದು ತಾನೇ ಅಳತೆಗಳನ್ನು ವಿಧಿಸದೆ ಬೇರೆ ಬೇರೆ ಮಾರ್ಗಸೂಚಿಗಳತ್ತ ಬೆರಳು ತೋರಿಸುತ್ತಿತ್ತು; ಆ ಮಾರ್ಗಸೂಚಿಗಳೋ ಬಹುತೇಕ 'ಹೀಗಿದ್ದರೆ ಒಳ್ಳೆಯದು' ಎಂಬ ಸಲಹೆಯ ಧಾಟಿಯಲ್ಲಿದ್ದವು. ಕಾಯ್ದೆ 'ಮಾಡಲೇಬೇಕು' ಎನ್ನುತ್ತಿರುವಾಗ ನಿಯಮ 'ಮಾಡಬಹುದು' ಎಂದರೆ, ಯಾವ ಅಳತೆ ತಪ್ಪಿದ್ದಕ್ಕೆ ಪ್ರಮಾಣಪತ್ರ ತಡೆಯಬೇಕೆಂದು ಎಂಜಿನಿಯರಿಗೂ ತಿಳಿಯದು, ಯಾವುದಕ್ಕೆ ದಂಡ ಹಾಕಬೇಕೆಂದು ನ್ಯಾಯಾಲಯಕ್ಕೂ ತಿಳಿಯದು. ಆದ್ದರಿಂದ ಆ ಉಪನಿಯಮ ಮೂಲ ಕಾಯ್ದೆಗೇ ವಿರುದ್ಧವೆಂದು ಕೋರ್ಟ್ ತೀರ್ಮಾನಿಸಿತು. ರಾಜಿಗೆ ಅವಕಾಶವಿಲ್ಲದ ಕನಿಷ್ಠ ನಿಯಮಗಳನ್ನು ವಿಸ್ತಾರವಾದ ಮಾರ್ಗಸೂಚಿಗಳಿಂದ ಬೇರ್ಪಡಿಸಿ, ಮೂರು ತಿಂಗಳೊಳಗೆ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಮೂಲ ಅರ್ಜಿ ಸಲ್ಲಿಕೆಯಾಗಿದ್ದು 2005ರಲ್ಲಿ ಎಂಬುದನ್ನು ಇಲ್ಲಿ ನೆನಪಿಡಬೇಕು.

ಹಣ ಮತ್ತು ಹೊಣೆ

ಪಂಚಾಯಿತಿಯಲ್ಲಿ ಹಣವೇ ಇಲ್ಲ ಎಂಬ ಉತ್ತರ ಕೇಳಿಬರುವುದುಂಟು. ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗಾಗಿ ಶೇ 5ರಷ್ಟು ಹಣವನ್ನು ಮೀಸಲಿಡಬೇಕೆಂಬ ವ್ಯವಸ್ಥೆಯಿದೆ. ಅದನ್ನು ತ್ರಿಚಕ್ರ ವಾಹನ, ಸಾಧನ ಸಲಕರಣೆ, ವೈದ್ಯಕೀಯ ನೆರವಿನಂಥ ವೈಯಕ್ತಿಕ ಸೌಲಭ್ಯಗಳಿಗೆ ಬಳಸುವುದು ಹೆಚ್ಚು. ಅವು ಬೇಕೇ ಬೇಕು. ಆದರೆ ಸಾರ್ವಜನಿಕ ಕಟ್ಟಡವನ್ನು ಸುಗಮಗೊಳಿಸುವ ಕೆಲಸ ಆ ಶೇ 5ಕ್ಕೆ ಸೀಮಿತವಾಗಬೇಕಿಲ್ಲ. ಕಿಟಕಿ, ವಿದ್ಯುತ್ ಸಂಪರ್ಕಗಳಂತೆ ರ‍್ಯಾಂಪ್ ಮತ್ತು ಶೌಚಾಲಯವೂ ಕಟ್ಟಡದ ಅಂದಾಜು ಪಟ್ಟಿಯಲ್ಲೇ ಇರಬೇಕಾದವು.

ಹೊಣೆಯ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಒಂದು ಅನುಕೂಲವಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಗೌರವಧನದ ಆಧಾರದಲ್ಲಿ ಕೆಲಸ ಮಾಡುತ್ತಾರೆ. ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು ಎಂದೇ ಜನರಿಗೆ ಪರಿಚಿತರಾದ ಇವರಲ್ಲಿ ಬಹುತೇಕರು ಸ್ವತಃ ವಿಕಲಚೇತನರು. ಊರಿನಲ್ಲಿ ಯಾರಿಗೆ ಯಾವ ತೊಡಕಿದೆ, ಕಚೇರಿಯ ಯಾವ ಮೂಲೆಯಲ್ಲಿ ಯಾರು ಸಿಕ್ಕಿಕೊಳ್ಳುತ್ತಾರೆ ಎಂಬುದು ಎಂಜಿನಿಯರಿಗಿಂತ ಇವರಿಗೆ ಚೆನ್ನಾಗಿ ಗೊತ್ತು. ನಕ್ಷೆ ತಯಾರಾಗುವಾಗ ಇವರನ್ನು ಕೇಳಿದರೆ ಮುಂದೆ ಒಡೆದು ಕಟ್ಟುವ ಕೆಲಸ ತಪ್ಪುತ್ತದೆ.

ಗ್ರಾಮ ಸಭೆಗೂ ಇದೇ ಮಾತು ಅನ್ವಯಿಸುತ್ತದೆ. ವಿಕಲಚೇತನರಿಗಾಗಿಯೇ ಸಮನ್ವಯ ಗ್ರಾಮ ಸಭೆಗಳನ್ನು ನಡೆಸುವ ಪದ್ಧತಿ ಇದೆ. ಅದು ನಡೆಯುವ ಜಾಗಕ್ಕೆ ಅವರು ಬರುವಂತಿರಬೇಕು, ಕಿವಿ ಕೇಳದವರಿಗಾಗಿ ಸನ್ನೆ ಭಾಷೆ ಬಲ್ಲವರೊಬ್ಬರಿರಬೇಕು. ಚುನಾವಣೆಯ ದಿನ ಮತಗಟ್ಟೆಗೆ ರ‍್ಯಾಂಪ್, ಗಾಲಿಕುರ್ಚಿ ಒದಗಿಸುವುದನ್ನು ಆಡಳಿತ ಕಲಿತಿದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವವರು ಮನೆಯಿಂದಲೇ ಮತ ಹಾಕುವ ಅವಕಾಶವೂ ರಾಜ್ಯದಲ್ಲಿ ಮೊದಲ ಬಾರಿಗೆ ಸಿಕ್ಕಿತು. ಮತಗಟ್ಟೆಯಾಗುವ ಕಟ್ಟಡವೇ ಮಿಕ್ಕ ದಿನಗಳಲ್ಲಿ ಶಾಲೆಯೋ ಪಂಚಾಯಿತಿ ಕಚೇರಿಯೋ ಆಗಿರುತ್ತದೆ. ಹಲಗೆಯ ತಾತ್ಕಾಲಿಕ ರ‍್ಯಾಂಪ್ ಮಾತ್ರ ಮರುದಿನ ಇರುವುದಿಲ್ಲ.

ಸರಿಯಿಲ್ಲದಿದ್ದರೆ ಯಾರಿಗೆ ಹೇಳಬೇಕು?

ಮೊದಲು ಪಿಡಿಒ ಅಥವಾ ಆ ಕಚೇರಿಯ ಮುಖ್ಯಸ್ಥರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯುವುದು ಒಳಿತು. ಮನವಿಯಲ್ಲಿ 'ಕಚೇರಿ ಅನುಕೂಲಕರವಾಗಿಲ್ಲ' ಎಂದು ಬರೆಯುವುದಕ್ಕಿಂತ 'ಎರಡು ಅಡಿ ಎತ್ತರಕ್ಕೆ ಆರು ಅಡಿಯ ರ‍್ಯಾಂಪ್ ಇದೆ, ಹಿಡಿಕಂಬಿ ಇಲ್ಲ' ಎಂದು ಅಳತೆ ಸಮೇತ ಬರೆದರೆ ಉತ್ತರವೂ ಅಷ್ಟೇ ನಿರ್ದಿಷ್ಟವಾಗಿ ಬರಬೇಕಾಗುತ್ತದೆ. ಜಿಲ್ಲೆಯಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಿದೆ.

ಅಲ್ಲಿಯೂ ಫಲ ಸಿಗದಿದ್ದರೆ ಕಾಯ್ದೆಯಡಿ ನೇಮಕವಾಗುವ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಸಾಕ್ಷಿಗಳನ್ನು ಕರೆಸುವ, ದಾಖಲೆಗಳನ್ನು ತರಿಸಿಕೊಳ್ಳುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಪ್ರಾಧಿಕಾರ ಕ್ರಮ ಕೈಗೊಂಡು, ಮೂರು ತಿಂಗಳೊಳಗೆ ಅವರಿಗೆ ತಿಳಿಸಬೇಕು. ಒಪ್ಪದಿದ್ದರೆ ಕಾರಣ ಕೊಡಬೇಕು. ಕಾಯ್ದೆಯನ್ನು ಉಲ್ಲಂಘಿಸಿದವರಿಗೆ 89ನೇ ಸೆಕ್ಷನ್ ಅಡಿಯಲ್ಲಿ ಮೊದಲ ಬಾರಿಗೆ ₹10 ಸಾವಿರದವರೆಗೆ, ಮತ್ತೆ ಉಲ್ಲಂಘಿಸಿದರೆ ₹50 ಸಾವಿರಕ್ಕೆ ಕಡಿಮೆಯಿಲ್ಲದಂತೆ ₹5 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ.